ನಾಳೆ ನಾನು ಕುರಿ

ಯುಗಾದಿ, ದೀಪಾವಳಿಗೆ ತಯಾರಿ ತಡವಾದರೆ ಪಂಚಾಂಗದ ಮೇಲೆ ಹಾಕಬಹುದು. "ಈ ಸಲ ಹಬ್ಬ ಬೇಗ ಬಂದುಬಿಡ್ತು ನೋಡ್ರಿ" ಅಂದರೆ ಯಾರೂ ಎದುರಾಡುವುದಿಲ್ಲ. ರಂಜಾನಿಗಾದರೆ ಚಂದ್ರ ಇದ್ದಾನೆ. ಕ್ರಿಸ್ಮಸ್ಸಿಗೆ ಆ ಅನುಕೂಲವೇ ಇಲ್ಲ. ನಾನು ಹುಟ್ಟುವ ಮೊದಲೂ ಡಿಸೆಂಬರ್ 25, ಈಗಲೂ ಡಿಸೆಂಬರ್ 25. ಅದೂ ಸಾಲದು ಅಂತ ಚರ್ಚಿನಲ್ಲಿ ನಾಲ್ಕು ಭಾನುವಾರ ಮುಂಚಿನಿಂದ ಒಂದೊಂದೇ ಮೇಣದಬತ್ತಿ ಹಚ್ಚಿ ನೆನಪು ಮಾಡುತ್ತಾರೆ. ಮೊದಲನೇ ಬತ್ತಿ ಹಚ್ಚಿದಾಗ "ಇನ್ನೂ ಬೇಕಾದಷ್ಟು ದಿನ ಇದೆ" ಅಂದುಕೊಳ್ಳುತ್ತೇನೆ. ನಾಲ್ಕನೇದು ಹಚ್ಚುವಾಗ ಪಾಸ್ಟರ್ ನನ್ನ ಕಡೆಯೇ ನೋಡುತ್ತಿದ್ದಾರೆ ಅನಿಸುತ್ತದೆ.

ನಮ್ಮೂರಿಗೆ ಈ ಹಬ್ಬ ಹೊಸದು ಅನ್ನುವ ನೆಪವೂ ನಡೆಯಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದು 1810ರಲ್ಲಿ. ಇಲ್ಲಿನ ಬಿಸಿಲಲ್ಲೇ ಕೂತು ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತಂದರು. ಪೂರ್ತಿ ಬೈಬಲ್ ಹೊರಬಂದದ್ದು 1831ರಲ್ಲಿ. ನಮ್ಮವರು ಇದನ್ನು ಪ್ರತಿ ವರ್ಷ ಹೇಳುತ್ತಾರೆ, ನಾನು ಕರ್ಜಿಕಾಯಿ ಹಿಟ್ಟು ನಾದುವಾಗಲೇ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಒಂದೇ. ಅವರಿಗೂ ಇಪ್ಪತ್ತು ವರ್ಷ ಹಿಡೀತಲ್ಲ, ನನಗೆ ನಾಲ್ಕು ವಾರ ಯಾವ ಲೆಕ್ಕ?

ನಾನು ಒಂದು ಜೀನ್ಸ್ ಯುನಿಟ್ಟಿನಲ್ಲಿ ಲೆಕ್ಕ ಬರೆಯುತ್ತೇನೆ. ಡಿಸೆಂಬರ್ ಬಂತೆಂದರೆ ಸಂಕ್ರಾಂತಿಗೆ ಮಾಲು ಕಳಿಸುವ ಗಡಿಬಿಡಿ. ಎಷ್ಟು ಥಾನು ಬಂತು, ಎಷ್ಟು ಪ್ಯಾಂಟು ಹೊಲಿದಾಯ್ತು, ಎಷ್ಟು ವಾಷಿಂಗಿಗೆ ಹೋಯ್ತು, ಇದೇ ಬದುಕು. ಮನೆಗೆ ಬರುವಷ್ಟರಲ್ಲಿ ಎಂಟು ಗಂಟೆ. ಆಮೇಲೆ ಮನೆ ಧೂಳು ಹೊಡೆಯಬೇಕು. ನಮ್ಮೂರಿನ ಕೆಂಪು ಧೂಳು ಗೊತ್ತಲ್ಲ, ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಹಾಜರ್. ಬಾಗಿಲಿಗೆ ಕಟ್ಟಿದ ಬಿಳಿ ನಕ್ಷತ್ರ ಮೂರೇ ದಿನಕ್ಕೆ ಕೇಸರಿಗೆ ತಿರುಗಿತ್ತು. ಅದನ್ನು ಹಾಗೇ ಬಿಟ್ಟೆ. ಕೇಳಿದವರಿಗೆ "ಹೊಸ ಡಿಸೈನು" ಅಂದೆ.

ಆದರೂ ಈ ಸಲ ಒಂದು ಕೆಲಸ ಮಾತ್ರ ಮುಂಚೆಯೇ ಮುಗಿಸಿದ್ದೆ. ಸಂಡೇ ಸ್ಕೂಲ್ ನಾಟಕದಲ್ಲಿ ಮಗನಿಗೆ ಮೂರನೇ ಜೋಯಿಸನ ಪಾತ್ರ. ಮೂಡಣ ದೇಶದಿಂದ ಉಡುಗೊರೆ ತರುವ ಜೋಯಿಸ ಅಂದಮೇಲೆ ಡ್ರೆಸ್ಸು ಜೋರಾಗಿರಬೇಕು ಅಂತ, ನನ್ನ ಒಂದು ರೇಷ್ಮೆ ಸೀರೆಯನ್ನೇ ಕತ್ತರಿಸಿ ನಿಲುವಂಗಿ ಹೊಲಿಸಿ, ಇಸ್ತ್ರಿ ಮಾಡಿಸಿ, ಬೀರುವಿನಲ್ಲಿ ಇಟ್ಟಿದ್ದೆ. ದಿನಕ್ಕೊಮ್ಮೆ ಬೀರು ತೆಗೆದು ನೋಡಿ ಖುಷಿಪಡುತ್ತಿದ್ದೆ.

ನಾಟಕ ಇದ್ದದ್ದು 23ರ ಸಂಜೆ. 22ರ ರಾತ್ರಿ ಒಂಬತ್ತೂವರೆಗೆ ಮೊಸರನ್ನ ಕಲಸುತ್ತಾ ಮಗ ಹೇಳಿದ, "ಅಮ್ಮಾ, ನಾಳೆ ನಾನು ಕುರಿ."

"ಏನಂದೆ?"

"ಕುರಿ. ಜೋಯಿಸ ಆದ್ರೆ ಡೈಲಾಗ್ ಕಲೀಬೇಕು. ಕುರಿ ಆದ್ರೆ ಬರೀ ಬ್ಯಾ ಅನ್ನೋದು. ಅದಕ್ಕೇ ಬದಲಾಯಿಸಿಕೊಂಡೆ."

"ಯಾವಾಗ?"

"ಹೋದ ವಾರ."

ನಮ್ಮವರು ತಟ್ಟೆಯಿಂದ ತಲೆ ಎತ್ತದೆ, "ಲೆಕ್ಕ ನೋಡಿದ್ರೆ ಹುಡುಗ ಹೇಳೋದು ಸರಿ ಇದೆ" ಅಂದರು. ಅವರಿಗೆ ಆಮೇಲೆ ಮಜ್ಜಿಗೆ ಸಿಗಲಿಲ್ಲ.

ಮನೆಯಲ್ಲಿ ಬಿಳಿ ಬಟ್ಟೆ ಅಂತ ಇದ್ದದ್ದು ಒಂದು ಟವೆಲ್ಲು, ನಮ್ಮವರ ಎರಡು ಪಂಚೆ. ಟವೆಲ್ಲಿನಲ್ಲಿ ಕುರಿ ಆಗಲ್ಲ. ಪಂಚೆ ಕೊಡಲು ಅವರು ಒಪ್ಪಲಿಲ್ಲ. ಮರುದಿನ ಊಟದ ಹೊತ್ತಿಗೆ ಯುನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್ ಹತ್ತಿರ ಹೋಗಿ ನಿಂತೆ.

"ಭಾಯ್, ಸಂಜೆಯೊಳಗೆ ಒಂದು ಕುರಿ ಬೇಕಿತ್ತು."

ಅವರು ಕತ್ತರಿ ಕೆಳಗಿಟ್ಟರು. "ಬಕ್ರೀದಿಗೆ ಇನ್ನೂ ಟೈಮಿದೆಯಲ್ಲ ಮೇಡಮ್?"

ವಿಷಯ ಹೇಳಿದೆ. ಅವರೂ ಮೂರು ಮಕ್ಕಳ ತಂದೆ, ಜಾಸ್ತಿ ಕೇಳಲಿಲ್ಲ. ಬಿಳಿ ಬಟ್ಟೆ ಒಂದು ಮೀಟರೂ ಇರಲಿಲ್ಲ. ಟೇಬಲ್ಲಿನ ಮೇಲೆ ಹಾಸಿದ್ದೆಲ್ಲ ಕಡುನೀಲಿ ಡೆನಿಮ್. ಮಿಕ್ಕ ತುಂಡುಗಳನ್ನೇ ಜೋಡಿಸಿ ಹತ್ತು ನಿಮಿಷದಲ್ಲಿ ತಲೆಯಿಂದ ಕಾಲಿನವರೆಗೆ ಕತ್ತರಿಸಿಕೊಟ್ಟರು. ಹೊಲಿಯುವ ಹುಡುಗ ಎರಡು ಕಿವಿ ಇಟ್ಟ. ಬೆಲ್ಟ್ ಲೂಪಿನ ಪಟ್ಟಿಯಲ್ಲಿ ಬಾಲ ಮಾಡಿದ. ದಿನಕ್ಕೆ ನೂರಾರು ಪ್ಯಾಂಟು ಹೊಲಿಯುವ ಕೈ ಅದು, ಅಭ್ಯಾಸಬಲದಿಂದ ಹಿಂದೆ ಎರಡು ಜೇಬನ್ನೂ ಇಟ್ಟುಬಿಟ್ಟ. ಬಿಚ್ಚಿಸಲು ಟೈಮ್ ಇರಲಿಲ್ಲ. ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಎರಡು ಕಟ್ಟು ಹತ್ತಿ ತಗೊಂಡು, ಆಟೋದಲ್ಲೇ ಕೂತು, ಗಮ್ ಹಚ್ಚಿ ಅಲ್ಲಲ್ಲಿ ಅಂಟಿಸಿದೆ. ಅರ್ಧ ಹತ್ತಿ ಕುರಿಗೆ ಅಂಟಿತು, ಅರ್ಧ ನನ್ನ ಸೀರೆಗೆ.

ಸಂಡೇ ಸ್ಕೂಲ್ ಟೀಚರ್ ಕುರಿಯನ್ನು ಒಂದು ಸುತ್ತು ತಿರುಗಿಸಿ ನೋಡಿದರು. "ಅಕ್ಕಾ, ನೀಲಿ?"

ನಾನು ಆಟೋದಲ್ಲೇ ಉತ್ತರ ತಯಾರು ಮಾಡಿಕೊಂಡಿದ್ದೆ. ಲೂಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ಕುರುಬರ ಮಾತು ಬರುತ್ತದೆ, ಕುರಿಯ ಬಣ್ಣದ ಮಾತು ಎಲ್ಲೂ ಬರಲ್ಲ. ಅಲ್ಲದೆ ಬಳ್ಳಾರಿ ಕುರಿ ಅಂತಲೇ ಒಂದು ತಳಿ ಇದೆ. ಅದರಲ್ಲಿ ಬಿಳಿ ಇರುತ್ತವೆ, ಕಪ್ಪು ಇರುತ್ತವೆ, ಎರಡೂ ಬೆರೆತವೂ ಇರುತ್ತವೆ. ಕಪ್ಪಿಗೂ ಕಡುನೀಲಿಗೂ ರಾತ್ರಿ ಹೊತ್ತು ಎಷ್ಟು ವ್ಯತ್ಯಾಸ? ಟೀಚರ್ "ಹಿಂದೆ ಜೇಬು?" ಅಂದರು. ಅದಕ್ಕೆ ನನ್ನ ಹತ್ತಿರ ವಚನ ಇರಲಿಲ್ಲ.

ನಾಟಕ ಚೆನ್ನಾಗಿಯೇ ಆಯ್ತು. ಮಿಕ್ಕ ಮೂರು ಬಿಳಿ ಕುರಿಗಳ ನಡುವೆ ನಮ್ಮದು ಎದ್ದು ಕಾಣುತ್ತಿತ್ತು. ದೇವದೂತ ಬಂದು ಶುಭಸಮಾಚಾರ ಹೇಳುವಾಗ ಎಲ್ಲರೂ ಗಂಭೀರವಾಗಿ ನಿಂತಿದ್ದರೆ, ನಮ್ಮ ಕುರಿ ಮಾತ್ರ ಹಿಂದಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿತ್ತು.

ಒಂದು ವಿಷಯ ನಾನು ಮರೆತಿದ್ದೆ. ಡೆನಿಮ್ ಪ್ಯಾಂಟು ಹೊಲಿದಾದ ಮೇಲೆ ವಾಷಿಂಗಿಗೆ ಹೋಗುತ್ತದೆ. ಹೆಚ್ಚಿನ ಬಣ್ಣ ಹೋಗಿ ಬಟ್ಟೆ ಮೆತ್ತಗಾಗುವುದು ಅಲ್ಲೇ. ಅಲ್ಲಿಯವರೆಗೆ ಒದ್ದೆ ತಾಗಿದರೆ ಸಾಕು, ನೀಲಿ ಬಿಡುತ್ತದೆ. ವಾಷಿಂಗ್ ಬಿಲ್ಲು ದಿನಾ ಬರೆಯುವವಳು ನಾನೇ! ಡಿಸೆಂಬರ್ ಅಂದರೂ ಇದು ಬಳ್ಳಾರಿ, ಹಾಲ್ ತುಂಬ ಜನ, ತಲೆ ಮೇಲೆ ಲೈಟು. ಮುಕ್ಕಾಲು ಗಂಟೆ ಬೆವರಿದ ಹುಡುಗನ ಟೊಪ್ಪಿಗೆ ತೆಗೆದಾಗ ಹಣೆ, ಕಿವಿ, ಕುತ್ತಿಗೆ ಎಲ್ಲಾ ನೀಲಿ. ಸೋಪು ಹಚ್ಚಿದೆ. ಕೊಬ್ಬರಿ ಎಣ್ಣೆ ಹಚ್ಚಿದೆ. ಕಡಲೆಹಿಟ್ಟು, ಮೊಸರು ಹಚ್ಚಿ ತಿಕ್ಕಿದೆ. ಹಣೆ ಸ್ವಲ್ಪ ದಾರಿಗೆ ಬಂತು. ಕಿವಿ, ಕುತ್ತಿಗೆ ಜಪ್ಪಯ್ಯ ಅನ್ನಲಿಲ್ಲ.

ಇನ್ನು ಕೇಕಿನ ಕಥೆ. ನಾವು ಹಿಟ್ಟು ಕಲಸಿ, ಡಬ್ಬಿಗೆ ಸುರಿದು, ಬೇಕರಿಯ ಭಟ್ಟಿಯಲ್ಲಿ ಬೇಯಿಸಿಕೊಂಡು ಬರುತ್ತೇವೆ. ಹತ್ತು ಕೇಕು. ಆರಕ್ಕೆ ಮೊಟ್ಟೆ, ನಾಲ್ಕಕ್ಕೆ ಮೊಟ್ಟೆ ಇಲ್ಲ. ನಮ್ಮ ಓಣಿಯಲ್ಲಿ ಮೊಟ್ಟೆ ಮುಟ್ಟದ ಮನೆ ನಾಲ್ಕು. ಅವರು ಯುಗಾದಿಗೆ ಹೋಳಿಗೆ ಕಳಿಸುತ್ತಾರೆ, ಹಿಂದಿನ ಮನೆಯಿಂದ ರಂಜಾನಿಗೆ ಸುರಕುಂಬ ಬರುತ್ತದೆ. ಖಾಲಿ ಡಬ್ಬಿ ವಾಪಸ್ ಕೊಡುವ ಹಾಗಿಲ್ಲ, ನಮ್ಮ ಕಡೆ ಅದೊಂದು ದೊಡ್ಡ ಮರ್ಯಾದೆ. ಬೆಂದ ಮೇಲೆ ಎಲ್ಲಾ ಕೇಕೂ ಒಂದೇ ಬಣ್ಣ ಅಂತ ಮೊಟ್ಟೆ ಇಲ್ಲದ ನಾಲ್ಕರ ನಡುಮಧ್ಯೆ ಒಂದೊಂದು ಇಡೀ ಗೋಡಂಬಿ ಕೂರಿಸಿದ್ದೆ. ನಾನು ಬುದ್ಧಿವಂತೆ ಅಂತ ನನಗೇ ಹೆಮ್ಮೆ.

24ರ ಸಂಜೆ ಕೇಕುಗಳು ಬಂದವು. ಅಡುಗೆಮನೆ ಕಟ್ಟೆ ಮೇಲೆ ಸಾಲಾಗಿ ಆರಲು ಇಟ್ಟು, ಕರ್ಜಿಕಾಯಿಯ ಎರಡನೇ ಒಬ್ಬೆ ಎಣ್ಣೆಗೆ ಬಿಟ್ಟೆ. ತಿರುಗಿ ನೋಡಿದರೆ ಗೋಡಂಬಿ ಇಲ್ಲ. ಪರವಾಗಿಲ್ಲ, ಗುಂಡಿ ಇರುತ್ತಲ್ಲ, ಗುಂಡಿ ಇದ್ದದ್ದೇ ಮೊಟ್ಟೆ ಇಲ್ಲದ್ದು ಅಂದುಕೊಂಡು ಬಗ್ಗಿ ನೋಡಿದೆ. ಹತ್ತಕ್ಕೆ ಹತ್ತೂ ಕೇಕಿನ ಮೇಲೆ ಗುಂಡಿ! ಮೊಟ್ಟೆ ಕೇಕಿನಿಂದ ಇಣುಕುತ್ತಿದ್ದ ಗೋಡಂಬಿ ಚೂರುಗಳನ್ನೂ ಕುರಿ ಕಿತ್ತು ತಿಂದಿತ್ತು. ಗುಂಡಿಗಳ ಅಂಚು ನೋಡಿದೆ, ಆಳ ನೋಡಿದೆ. ದೊಡ್ಡ ಗುಂಡಿ ಇಡೀ ಗೋಡಂಬಿಯದಾ, ಅಥವಾ ಬೆರಳು ಜಾಸ್ತಿ ಹೋಗಿದ್ದಕ್ಕಾ, ಹೇಳಲಾಗಲಿಲ್ಲ.

ನಮ್ಮವರು "ರುಚಿ ನೋಡಿ ಹೇಳ್ತೀನಿ ಬಿಡು" ಅಂದರು. ಮೊದಲನೇದು ತಿಂದು ಮೊಟ್ಟೆ ಇದೆ ಅಂದರು. ಎರಡನೇದು ತಿಂದು ಇಲ್ಲ ಅಂದರು. ಮೂರನೇದು ತಿಂದು, ಹಾಗಾದರೆ ಮೊದಲನೇದು ಮತ್ತೊಮ್ಮೆ ನೋಡಬೇಕು ಅಂದರು. ಐದನೇ ಕೇಕಿಗೆ ಕೈ ಹಾಕುವಾಗ ನಾನು ತಟ್ಟೆ ಎತ್ತಿಟ್ಟೆ. ಊಹೆಯ ಮೇಲೆ ಇಂಥದ್ದನ್ನು ಕೊಡುವುದಲ್ಲ. ನಾಲ್ಕು ಮನೆಗೂ ಬರೀ ಕರ್ಜಿಕಾಯಿ ಅಂತ ತೀರ್ಮಾನ ಆಯ್ತು. ಎಂಟು ಕೇಕು ನಮ್ಮ ಪಾಲಿಗೆ, ಹಿಂದಿನ ಮನೆಯವರಿಗೆ ಎರಡು.

25ರ ಬೆಳಿಗ್ಗೆ ಆರಾಧನೆ ಮುಗಿಸಿ ಬಂದು, ಮಗನ ಕೈಯಲ್ಲಿ ಡಬ್ಬಿ ಕೊಟ್ಟು ಎದುರುಮನೆಗೆ ಕರೆದುಕೊಂಡು ಹೋದೆ. ಜಗಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತಿದ್ದ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅವನ ಗದ್ದ ಹಿಡಿದು ಎತ್ತಿದರು.

"ಅಯ್ಯೋ ನಮ್ಮಪ್ಪಾ, ಯಾಕೋ ಹಿಂಗೆ ನೀಲಕಂಠ ಆಗಿಬಿಟ್ಟೀ?"

"ಇಲ್ಲಜ್ಜಿ, ನಾನು ಕುರಿ."

ಅಜ್ಜಿಗೆ ಅರ್ಥ ಆಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದರು, ಕರ್ಜಿಕಾಯಿಗಳನ್ನು ಒಂದು ಪಕ್ಕಕ್ಕೆ ಸರಿಸಿದರು, ಇನ್ನೊಂದು ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಮುಖ ನೋಡಿ, "ಕೇಕ್ ಎಲ್ಲವ್ವಾ ಈ ಸಲ?" ಅಂದರು.

ಉತ್ತರ ಕೊಡಬೇಕಾದವನ ಕಡೆ ತಿರುಗಿದೆ. ಎರಡು ನೀಲಿ ಕಿವಿ ಗೇಟು ದಾಟಿ ಓಣಿಯ ತಿರುವಿನಲ್ಲಿ ಮಾಯವಾಗುತ್ತಿದ್ದವು.