ಪಹಣಿ ಇಲ್ಲದವರಿಗೆ ಕಿಸಾನ್ ಕಾರ್ಡ್ ಇಲ್ವಾ? ಸತ್ಯಾಂಶ ಇಲ್ಲಿದೆ

"ಕಿಸಾನ್ ಕ್ರೆಡಿಟ್ ಕಾರ್ಡ್ ಜಮೀನಿನ ಪಹಣಿ ಇದ್ದವರಿಗೆ ಮಾತ್ರ. ಮೀನುಗಾರರು ಸುಮ್ನೆ ಬ್ಯಾಂಕಿಗೆ ಅಲೆಯಬೇಡಿ." ಕಾರವಾರ, ಅಂಕೋಲಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ತಪ್ಪು.

1998ರಲ್ಲಿ ಕಾರ್ಡ್ ಶುರುವಾದಾಗ ಅದು ಬೆಳೆ ಸಾಲಕ್ಕೆ ಇತ್ತು, ನಿಜ. ಆದರೆ 2018-19ರ ಕೇಂದ್ರ ಬಜೆಟ್ ಅದನ್ನು ಮೀನುಗಾರಿಕೆಗೂ ಹೈನುಗಾರಿಕೆಗೂ ವಿಸ್ತರಿಸಿತು. 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ನಿಯಮವನ್ನೂ ಹೊರಡಿಸಿತು. ಸಮುದ್ರಕ್ಕೆ ಇಳಿಯುವವರಿಗೆ ಬೇಕಾದದ್ದು ನೋಂದಣಿಯಾದ ದೋಣಿ ಮತ್ತು ಮೀನುಗಾರಿಕೆ ಪರವಾನಗಿ. ದೋಣಿ ಸ್ವಂತದ್ದೇ ಆಗಬೇಕಿಲ್ಲ, ಗುತ್ತಿಗೆಯದ್ದೂ ಆದೀತು. ಸ್ವಸಹಾಯ ಸಂಘ, ಮಹಿಳಾ ಗುಂಪುಗಳೂ ಅರ್ಹರ ಪಟ್ಟಿಯಲ್ಲಿವೆ. ನನಗೆ ಮುಖ್ಯ ಅನಿಸುವುದು ಇದೇ. ನಮ್ಮ ಕರಾವಳಿಯಲ್ಲಿ ಮೀನು ಒಣಗಿಸುವುದು, ಮಾರುವುದು ಜಾಸ್ತಿ ಹೆಂಗಸರೇ ಅಲ್ವಾ?

ಜೂನ್, ಜುಲೈ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗಸ್ಟ್‌ನಲ್ಲಿ ಕಾರವಾರದ ಬೈತಖೋಲ ಬಂದರಿನಿಂದ ದೋಣಿ ಹೊರಡಬೇಕಾದರೆ ಡೀಸೆಲ್, ಐಸು, ಕೂಲಿ ಎಲ್ಲಕ್ಕೂ ಮೊದಲೇ ದುಡ್ಡು ಬೇಕು. ಇಂಥ ಖರ್ಚಿಗೇ ಈ ಸಾಲ. 2 ಲಕ್ಷದವರೆಗೆ ಬಡ್ಡಿ ಶೇ. 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ. 4. ಅಂದರೆ ಒಂದು ಲಕ್ಷಕ್ಕೆ ವರ್ಷಕ್ಕೆ 4,000 ರೂಪಾಯಿ. ಕೈಸಾಲದಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ತೆತ್ತರೆ ಅದೇ ಲಕ್ಷಕ್ಕೆ 36,000!

2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನವೂ ಬೇಡ. ಆದರೆ ಇದು ಸಾಲ, ತೀರಿಸಲೇಬೇಕು. "ಮನ್ನಾ ಆಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೋಣಿಯ ಕಾಗದ, ಪರವಾನಗಿ, ಆಧಾರ್ ಹಿಡಿದು ನಿಮ್ಮ ಖಾತೆ ಇರುವ ಬ್ಯಾಂಕಿಗೇ ಮೊದಲು ಹೋಗಿ. ಅರ್ಜಿಗೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೂ ವಿಚಾರಿಸಬಹುದು.