ನಮ್ಮ ಮನೆಯ ನಕ್ಷತ್ರಿಕ

ನಿನ್ನೆ ರಾತ್ರಿ ಊಟಕ್ಕೆ ಕೂತಾಗ 110 ಯೂರೋ ಇದ್ದ ಹೋಟೆಲ್ ಕೋಣೆ, ನಾನು ಪಾತ್ರೆ ತೊಳೆದು ಕೈ ಒರೆಸಿಕೊಂಡು ಬರುವಷ್ಟರಲ್ಲಿ 162 ಆಗಿತ್ತು. ಕೆಳಗೆ ಕೆಂಪು ಅಕ್ಷರದಲ್ಲಿ, ಇನ್ನು ಒಂದೇ ಕೋಣೆ ಉಳಿದಿದೆ ಎಂಬ ಬೆದರಿಕೆ ಬೇರೆ. ಅಷ್ಟು ಹೊತ್ತು ನಮ್ಮ ಯಜಮಾನರು ಲ್ಯಾಪ್‌ಟಾಪ್ ಮುಂದೆಯೇ ಕೂತಿದ್ದರು. ಆ ಹೋಟೆಲಿನ ದಿಂಬು ಗಟ್ಟಿ ಎಂದು ಯಾರೋ ಪುಣ್ಯಾತ್ಮ ಎಂದೋ ಬರೆದಿಟ್ಟಿದ್ದನ್ನು ಶ್ರದ್ಧೆಯಿಂದ ಓದುತ್ತಿದ್ದರು.

ಮಗಳಿಗೆ ಶರತ್ಕಾಲದ ರಜೆ. ಜರ್ಮನಿಯಲ್ಲಿ ಆ ಹೊತ್ತಿಗೆ ಬಿಸಿಲು ಮುಖ ಮರೆಸಿಕೊಳ್ಳುವುದರಿಂದ, ಒಂದು ವಾರಾಂತ್ಯದ ಮಟ್ಟಿಗೆ ಪೋರ್ಚುಗಲ್‌ನ ಪೋರ್ಟೋಗೆ ಹೋಗಿ ಬರೋಣವೆಂದು ಮಾತಾಯಿತು. ಡೌರೋ ನದಿ ಅಟ್ಲಾಂಟಿಕ್ ಸಾಗರ ಸೇರುವಲ್ಲಿ ಗುಡ್ಡಕ್ಕೆ ಅಂಟಿಕೊಂಡಿರುವ ಹಳೆಯ ಊರು. ಯುನೆಸ್ಕೋದವರು 1996ರಲ್ಲೇ ಮೆಚ್ಚಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಯುನೆಸ್ಕೋ ಒಪ್ಪಿದರೇನು, ನಮ್ಮ ಮನೆಯಲ್ಲಿ ಒಪ್ಪಬೇಕಲ್ಲ!

ಲೋಕದ ಜನ ಹೋಟೆಲಿಗೆ ಸಿಕ್ಕಿರುವ ಸರಾಸರಿ ಅಂಕ ನೋಡುತ್ತಾರೆ, ಎರಡು ಫೋಟೋ ನೋಡುತ್ತಾರೆ, ದುಡ್ಡು ಕಟ್ಟುತ್ತಾರೆ. ಇವರು ಅಭಿಪ್ರಾಯಗಳ ಪಟ್ಟಿಯನ್ನು ತಲೆಕೆಳಗು ಮಾಡಿ, ಒಂದೇ ನಕ್ಷತ್ರ ಕೊಟ್ಟವರಿಂದ ಓದಲು ಶುರು ಮಾಡುತ್ತಾರೆ. ಅಲ್ಲೇ ಮುಗಿಸುತ್ತಾರೆ ಕೂಡ. ಸಾವಿರ ಜನ ಹೊಗಳಿದ್ದಾರಲ್ಲ ಎಂದರೆ, "ಹೊಗಳುವುದಕ್ಕೇನು, ಯಾರು ಬೇಕಾದರೂ ಹೊಗಳುತ್ತಾರೆ. ಬೈಯುವವರು ಸುಮ್ಮನೆ ಬೈಯುತ್ತಾರೆಯೇ?" ಎನ್ನುತ್ತಾರೆ. ಮದುವೆಗೆ ಮುಂಚೆ ನನ್ನ ಬಗ್ಗೆ ಯಾರನ್ನು ವಿಚಾರಿಸಿದ್ದರೋ!

ತಾವೊಬ್ಬರೇ ಓದಿಕೊಂಡರೂ ಆಗುತ್ತಿತ್ತು. ಗಟ್ಟಿಯಾಗಿ ಓದುತ್ತಾರೆ. ಒಂದು ಹೋಟೆಲಿನಲ್ಲಿ ಬಿಸಿನೀರು ಬರುವುದು ತಡ, ರದ್ದು. ಇನ್ನೊಂದರ ಪಕ್ಕದಲ್ಲಿ ಚರ್ಚಿನ ಗಂಟೆ, ರದ್ದು. ಮತ್ತೊಂದರಲ್ಲಿ ಬೆಳಗಿನ ಜಾವ ಕಡಲಹಕ್ಕಿಗಳು ಕಿರುಚುತ್ತವೆ, ಅದೂ ರದ್ದು. ಮೈಸೂರಿನಲ್ಲಿ ರೈಲು ಹಳಿಯ ಪಕ್ಕದ ಮನೆಯಲ್ಲಿ ಬೆಳೆದು, ಇಂಜಿನ್ ಕೂಗಿದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದ ಮಹಾಶಯರಿಗೆ ಈಗ ಹಕ್ಕಿಯ ಭಯ.

ಮೊನ್ನೆ ಇದು ಸೇತುವೆಯವರೆಗೂ ಹೋಯಿತು. ಪೋರ್ಟೋದ ಹೆಮ್ಮೆಯೆಂದರೆ ದೋಂ ಲೂಯಿಸ್ ಸೇತುವೆ. 1886ರಲ್ಲಿ ತೆರೆದ ಕಬ್ಬಿಣದ ದೈತ್ಯ ಕಮಾನು, ಹಿಂದೆ ಐಫೆಲ್‌ನ ಪಾಲುದಾರನಾಗಿದ್ದ ಸೇರಿಗ್‌ನ ವಿನ್ಯಾಸ. ಎರಡು ಅಂತಸ್ತು, ಮೇಲಿನದರಲ್ಲಿ ಈಗ ಮೆಟ್ರೋ ಓಡುತ್ತದೆ, ಅದರ ಪಕ್ಕದಲ್ಲೇ ಜನ ನಡೆಯುತ್ತಾರೆ. ಅದರ ಮೇಲಿಂದ ಸಂಜೆಯ ನದಿ ನೋಡಬೇಕೆಂಬುದೊಂದೇ ನನ್ನ ಆಸೆ.

"ಇಬ್ಬರು ಒಂದೇ ನಕ್ಷತ್ರ ಕೊಟ್ಟಿದ್ದಾರೆ ಕಣೇ" ಎಂದರು.

"ಸೇತುವೆಗೇ? ಯಾಕಂತೆ?"

"ಒಬ್ಬನಿಗೆ ಎತ್ತರದಲ್ಲಿ ತಲೆ ಸುತ್ತಿತಂತೆ. ಇನ್ನೊಬ್ಬಳ ಟೋಪಿ ಗಾಳಿಗೆ ಹಾರಿ ನದಿಗೆ ಬಿತ್ತಂತೆ."

"ಅದಕ್ಕೆ ಸೇತುವೆ ಏನು ಮಾಡಬೇಕಿತ್ತು ರೀ?"

ಇವರು ನಿಜಕ್ಕೂ ಯೋಚಿಸಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಒಂದು ಬೋರ್ಡು ಹಾಕಬಹುದಿತ್ತು" ಎಂದರು. ಆಮೇಲೆ ಒಯ್ಯುವ ಸಾಮಾನಿನ ಪಟ್ಟಿ ತೆರೆದು, 'ಟೋಪಿ' ಎಂಬಲ್ಲಿ ಅಡ್ಡಗೆರೆ ಎಳೆದರು. ಮಗಳು ತಮಾಷೆಗೆ, "ಅಪ್ಪಾ, ನದಿಗೆ ಎಷ್ಟು ನಕ್ಷತ್ರ?" ಎಂದು ಕೇಳಿದಳು. ಹುಡುಕಲು ಕೂತರು.

ಹರಿಶ್ಚಂದ್ರನಿಗೆ ಒಬ್ಬ ನಕ್ಷತ್ರಿಕನಾದರೂ ಕಾಡಿನ ದಾರಿಯಲ್ಲಿ ಗಂಟುಬಿದ್ದ. ನನಗೆ ಊಟದ ಮೇಜಿನಲ್ಲೇ.

ಒಂದು ಉಪಕಾರವಾಗಿದ್ದನ್ನು ಹೇಳದಿದ್ದರೆ ಅನ್ಯಾಯ. ಮೊಬೈಲಿನ ನಕ್ಷೆಯಲ್ಲಿ ಸಾವೊ ಬೆಂಟೋ ರೈಲು ನಿಲ್ದಾಣದಿಂದ ನದಿದಂಡೆಯ ರಿಬೇರಾಕ್ಕೆ ಬೆರಳಗಲದ ದೂರ. ಆದರೆ ನಕ್ಷೆ ಚಪ್ಪಟೆ, ಊರು ಚಪ್ಪಟೆಯಲ್ಲ. ದಂಡೆಯಲ್ಲಿ ಉಳಿದು ಕಲ್ಲುಹಾಸಿನ ಏರಿನಲ್ಲಿ ಸೂಟ್‌ಕೇಸ್ ಎಳೆದ ಯಾರೋ ಅದರ ಚಕ್ರ ಕಳೆದುಕೊಂಡು, ಆ ಸಿಟ್ಟನ್ನು ಹೋಟೆಲಿನ ಮೇಲೆ ತೀರಿಸಿಕೊಂಡಿದ್ದ. ಇದನ್ನು ಯಾವ ಐದು ನಕ್ಷತ್ರದವನೂ ಹೇಳಿರಲಿಲ್ಲ. ನಮ್ಮವರು ಆ ದಿನವಿಡೀ ಗೆದ್ದ ಮುಖದಲ್ಲಿ ಓಡಾಡಿದರು.

ಊಟದ ವಿಷಯ ಬೇಗ ಇತ್ಯರ್ಥವಾಯಿತು. ದನದ ಜಠರದ ಅಡುಗೆಯಿಂದಲೇ ಊರಿನವರಿಗೆ ಅಡ್ಡಹೆಸರು ಬಂದಿದೆ. ಅಲ್ಲಿನ ಹೆಸರಾಂತ ಫ್ರಾನ್ಸೆಸಿನ್ಯಾ ಎಂದರೆ ಬ್ರೆಡ್ಡಿನ ನಡುವೆ ಮೂರು ಬಗೆಯ ಮಾಂಸ, ಮೇಲೆ ಚೀಸ್, ಸುತ್ತ ಬಿಯರ್ ಹಾಕಿದ ಸಾರು. ಸೊಪ್ಪಿನ ಸೂಪಿನಲ್ಲೂ ಒಂದು ತುಂಡು ಸಾಸೇಜ್ ತೇಲುತ್ತದೆ. ಆದ್ದರಿಂದ ಗೊಜ್ಜವಲಕ್ಕಿ, ಚಟ್ನಿಪುಡಿ ಮತ್ತು ಅಲ್ಲಿನ ಪಾಶ್ತೆಲ್ ದೆ ನಾತಾ ಎಂಬ ಕಸ್ಟರ್ಡ್ ತುಂಬಿದ ಸಿಹಿ ತಿನಿಸು. ಅದರಲ್ಲಿ ಮೊಟ್ಟೆ ಇದೆ, ನಿಜ. ಕಣ್ಣಿಗೆ ಕಾಣದ ಮೊಟ್ಟೆಗೆ ನಮ್ಮಲ್ಲಿ ವಿನಾಯಿತಿ ಇದೆ.

ಉಳ್ಳಾಲದ ಕಡೆಯವಳಾದ ನನ್ನ ಅಮ್ಮ ಫೋನಿನಲ್ಲಿ, "ಅಬ್ಬಕ್ಕ ರಾಣಿ ಯಾರ ಮೇಲೆ ಯುದ್ಧ ಮಾಡಿದಳೋ ಅವರ ಊರಿಗೆ ನೀವು ಟಿಕೆಟ್ ಕೊಂಡು ಹೋಗುವುದೇ?" ಎಂದಳು. ಇವರು ಪಕ್ಕದಿಂದ ಗಂಭೀರವಾಗಿ ತಲೆಯಾಡಿಸಿದರು. ಒಂದು ನಕ್ಷತ್ರ ಹದಿನಾರನೆಯ ಶತಮಾನದಿಂದ ಬಂದರೂ ಇವರಿಗೆ ಮಾನ್ಯ.

ಅಪ್ಪ ನಮ್ಮನ್ನು ಹಂಪಿಗೆ ಕರೆದುಕೊಂಡು ಹೋದದ್ದು ನೆನಪಾಗುತ್ತದೆ. ಹೊಸಪೇಟೆಯಲ್ಲಿ ಬಸ್ಸಿಳಿದು, ಚಹಾದಂಗಡಿಯವನನ್ನು "ಉಳಿಯಲು ಎಲ್ಲಿ ಚೆನ್ನ?" ಎಂದು ಕೇಳಿದರು. ಅವನು ಸೌಟು ಹಿಡಿದ ಕೈಯನ್ನೇ ಚಾಚಿ ತೋರಿಸಿದ. ಅಲ್ಲಿ ಉಳಿದೆವು. ದಿಂಬು ಹೇಗಿತ್ತೋ, ಇತ್ತೋ ಇಲ್ಲವೋ. ತುಂಗಭದ್ರೆಯ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಅಪ್ಪ "ಪರವಾಗಿಲ್ಲ" ಎಂದಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಳಿ ಇರಲಿಲ್ಲ. ಈಗ ಅವರಿಲ್ಲ. ಇದ್ದಿದ್ದರೆ ಅಳಿಯನನ್ನು ಆ ಚಹಾದಂಗಡಿಗೆ ಕಳಿಸಿಕೊಡುತ್ತಿದ್ದರೇನೋ.

ಕೊನೆಗೆ ನಾನೇ ಲ್ಯಾಪ್‌ಟಾಪ್ ಕಿತ್ತುಕೊಂಡು ಕೋಣೆ ಗೊತ್ತು ಮಾಡಿದೆ. ನದಿಯ ಆಚೆ ದಡದ ಗಾಯಾದಲ್ಲಿ. ಹಿಂದೆ ಡೌರೋ ಕಣಿವೆಯಿಂದ ದೋಣಿಗಳಲ್ಲಿ ಇಳಿದು ಬರುತ್ತಿದ್ದ ಪೋರ್ಟ್ ವೈನ್ ಪೀಪಾಯಿಗಳನ್ನು ಇಟ್ಟು ಹಣ್ಣಾಗಿಸುತ್ತಿದ್ದ ದಡ ಅದು. ನಮ್ಮ ಹೋಟೆಲಿನ ಎಡಕ್ಕೂ ವೈನಿನ ಉಗ್ರಾಣ, ಬಲಕ್ಕೂ ವೈನಿನ ಉಗ್ರಾಣ. ಇವರಿಗೆ ಅಲ್ಲಿ ಸಿಕ್ಕ ದೂರು ಒಂದೇ: ಬೀದಿಯಲ್ಲಿ ಮದ್ಯದ ವಾಸನೆ. ಇದು ತಮಗೆ ತೊಂದರೆಯಲ್ಲ ಎಂದು ಇವರು ಉದಾರವಾಗಿ ಒಪ್ಪಿದರು.

ತೊಂದರೆ ಮೈಸೂರಿನಲ್ಲಿತ್ತು. ಏಕಾದಶಿಗೆ ನೀರನ್ನೂ ಅಳೆದು ಕುಡಿಯುವ ಅತ್ತೆಯವರಿಗೆ ನಾವು ಎಲ್ಲಿ ಉಳಿಯುತ್ತೇವೆಂದು ಪ್ರತಿ ಸಲವೂ ವಿವರವಾಗಿ ಹೇಳಬೇಕು. "ನೀನೇ ಹೇಳು, ನದಿಯ ದಡ ಎಂದರೆ ಸಾಕು" ಎಂದು ಇವರು ಫೋನನ್ನು ನನ್ನ ಕೈಗಿಟ್ಟರು. ಹೇಳಿದೆ. ಅತ್ತೆಗೆ ಬಹಳ ಸಂತೋಷವಾಯಿತು. "ಸ್ನಾನಘಟ್ಟ ಇರಬೇಕಲ್ಲಮ್ಮ? ಅಕ್ಕಪಕ್ಕ ಏನೇನಿದೆ?" ಎಂದು ಕೇಳಿದರು.

"ನಿಮ್ಮ ಮಗನೇ ಎಲ್ಲ ಓದಿದ್ದಾರೆ ಅತ್ತೆ, ಕೊಡುತ್ತೇನೆ" ಎಂದು ಫೋನ್ ದಾಟಿಸಿದೆ.