ಬೂದುಗುಂಬಳ ಬಣ್ಣದ ಕೋವಿ

ನಮ್ಮ ಕೊಡಗಿನ ಮಳೆ ಕೆಲವು ನೆಂಟರ ಹಾಗೆ. ಜೂನ್‌ನಲ್ಲಿ ಮನೆಯೊಳಗೆ ಬಂದರೆ ಸೆಪ್ಟೆಂಬರ್ ಆದರೂ ಹೊರಡುವ ಮಾತಿಲ್ಲ. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಕೋವಿಗೆ ತುಕ್ಕು.

ಅಜ್ಜನ ಕಾಲದ ಪಾಯಿಂಟ್ ಟೂ ಟೂ ರೈಫಲ್ ಒಂದು ನಮ್ಮ ಮನೆಯಲ್ಲಿದೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಗುಂಡು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯವರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಸರಿ ಎಂದಿತು. ಅಂದರೆ 2029ರವರೆಗೆ ಆ ಕೋವಿಗೆ ಯಾರಿಂದಲೂ ತೊಂದರೆ ಇರಲಿಲ್ಲ, ನನ್ನೊಬ್ಬನಿಂದ ಬಿಟ್ಟು.

ಅಪ್ಪ ಪ್ರತಿ ಭಾನುವಾರ ಹಳೇ ಬನಿಯನ್ ತುಂಡಿಗೆ ಎಣ್ಣೆ ಹಾಕಿ ನಳಿಗೆ ಒರೆಸುತ್ತಿದ್ದರು. ನನಗೆ ಭಾನುವಾರ ಬೇರೆ ಕೆಲಸ, ಅಂದರೆ ನಿದ್ದೆ. ಹೀಗಿರುವಾಗ ಮೊಬೈಲಿನಲ್ಲಿ ಅಮೆರಿಕದವನೊಬ್ಬ ರೈಫಲಿಗೆ ಸೆರಾಕೋಟ್ ಅನ್ನುವ ಸೆರಾಮಿಕ್ ಲೇಪ ಹೊಡೆಯುವುದನ್ನು ನೋಡಿದೆ. ಸ್ಪ್ರೇ ಹೊಡೆದ, 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಬೇಯಿಸಿದ, ಮುಗೀತು. ನೀರು ಬಿದ್ದರೆ ಕೆಸುವಿನೆಲೆ ಮೇಲೆ ಬಿದ್ದ ಹಾಗೆ ಜಾರಿ ಹೋಗುತ್ತಿತ್ತು.

ಓವನ್ ವಿಷಯ ಹೆಂಡತಿಯ ಹತ್ತಿರ ಮೆಲ್ಲಗೆ ಎತ್ತಿದೆ.

"ಅದ್ರಲ್ಲಿ ನಾನು ಕೇಕ್ ಮಾಡ್ತೀನಿ. ನೀವು ಕೋವಿ ಬೇಯಿಸೋದಾದ್ರೆ ಇನ್ಮೇಲೆ ಅನ್ನಾನೂ ನೀವೇ ಬೇಯಿಸ್ಕೊಳ್ಳಿ."

ಹೇಗೂ ನಳಿಗೆ ಅದರಲ್ಲಿ ಹಿಡಿಸುತ್ತಿರಲಿಲ್ಲ ಬಿಡಿ. ಪೇಟೆಗೆ ಹೋಗಿ ಬೈಕಿನ ಸೈಲೆನ್ಸರಿಗೆ ಹೊಡೆಯುವ ಕಪ್ಪು ಸ್ಪ್ರೇ ಡಬ್ಬಿ ತಂದೆ. ಕೈಲ್‌ಪೊಳ್ದ್‌ಗೆ ಮೂರೇ ದಿನ ಇತ್ತು. ಆ ಹಬ್ಬದ ಆಯುಧಪೂಜೆಯ ಸಾಲಿನಲ್ಲಿ ನಮ್ಮ ಕೋವಿ ಹೊಸ ಮದುಮಗನ ಹಾಗೆ ಮಿಂಚಬೇಕು ಅಂತ ಆಸೆ.

ಶುರುವಿನಲ್ಲಿ ಎಲ್ಲ ಶಿಸ್ತಾಗಿಯೇ ಮಾಡಿದೆ. ಗುಂಡಿಲ್ಲ ಅಂತ ಎರಡು ಸಲ ನೋಡಿ ಬೋಲ್ಟ್ ಬಿಚ್ಚಿಟ್ಟೆ. ನಳಿಗೆಯ ಬಾಯಿಗೆ ಬಿರಡೆ, ನಂಬರಿನ ಮೇಲೆ ಟೇಪು. ತುಕ್ಕನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಥಿನ್ನರಿನಲ್ಲಿ ಒರೆಸುತ್ತಾ ಹೋದರೆ ಅಪ್ಪನ ಭಾನುವಾರಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಅಷ್ಟು ಎಣ್ಣೆ! ನಾಲ್ಕನೇ ಬಟ್ಟೆಗೆ ನನ್ನ ತಾಳ್ಮೆ ಮುಗಿಯಿತು. ಅದೇ ಮೊದಲನೇ ತಪ್ಪು.

ಸೌದೆ ಕೊಟ್ಟಿಗೆಯಲ್ಲಿ ತಂತಿ ಕಟ್ಟಿ ಕೋವಿ ನೇತು ಹಾಕಿದೆ. ಹೊರಗೆ ಧೋ ಮಳೆ. ಮಗಳು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದುತ್ತಿದ್ದಳು.

"ಅಪ್ಪಾ, ಗಾಳಿ ಒಣಗಿರ್ಬೇಕಂತೆ."

"ಅದು ಬೇರೆ ಊರಿನವರಿಗೆ," ಅಂದೆ.

ಮೊದಲ ಸಲ ಒತ್ತಿದಾಗ ಏನೂ ಬರಲಿಲ್ಲ. ಯಾಕೆ ಅಂತ ಹತ್ತಿರ ಹಿಡಿದು ನೋಡುತ್ತಾ ಇನ್ನೊಮ್ಮೆ ಒತ್ತಿದೆ. ಬಂತು. ಪುಣ್ಯಕ್ಕೆ ಕನ್ನಡಕ ಇತ್ತು. ಒರೆಸಿಕೊಂಡು ಮತ್ತೆ ಹೊಡೆದೆ. ಒಂದು ಗೇಣು ದೂರದಿಂದ ತೆಳ್ಳಗೆ ಹೊಡೆದು, ಆರಲು ಬಿಟ್ಟು, ಮತ್ತೆ ಹೊಡೆಯಬೇಕಂತೆ. ನಾನು ಗೋಡೆಗೆ ಸುಣ್ಣ ಹೊಡೆದ ಹಾಗೆ ಒಂದೇ ಸಲಕ್ಕೆ ಮುಗಿಸಿದೆ. ಬಣ್ಣ ನೆಗಡಿಯಾದ ಮಗುವಿನ ಮೂಗಿನಂತೆ ಇಳಿಯತೊಡಗಿತು. ಕೆಳಗೆ ಹುಳ ಕೆದಕುತ್ತಿದ್ದ ಬಿಳಿ ಹುಂಜ ಹೊರಗೆ ಹೋಗುವಾಗ ಅರ್ಧ ಕಪ್ಪಾಗಿತ್ತು.

ಅರ್ಧ ಗಂಟೆ ಬಿಟ್ಟು ಬಂದರೆ ಕಪ್ಪು ಕೋವಿ ಇಲ್ಲ! ತಂತಿಯಲ್ಲಿ ಬೂದುಗುಂಬಳ ಬಣ್ಣದ್ದೇನೋ ನೇತಾಡುತ್ತಿದೆ. ಆಮೇಲೆ ಪೇಂಟರ್ ಒಬ್ಬರು ಬಿಡಿಸಿ ಹೇಳಿದರು. ಥಿನ್ನರ್ ಆರುವಾಗ ಕಬ್ಬಿಣ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಅದೇ ಬಿಳಿ ಮಂಕು. ಇದಕ್ಕೆ ಇಂಗ್ಲಿಷಿನಲ್ಲಿ ಬ್ಲಶಿಂಗ್ ಅಂತಾರಂತೆ, ನಾಚಿಕೆಯಲ್ಲಿ ಕೆಂಪೇರುವುದಕ್ಕೂ ಅದೇ ಮಾತು. ನಮ್ಮ ಕೋವಿ ಮಾತ್ರ ನಾಚಿ ಬೆಳ್ಳಗಾಗಿತ್ತು.

ಎಣ್ಣೆ ಉಳಿದಿದ್ದ ಕಡೆಯೆಲ್ಲ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಟ್ರಿಗರಿಗೆ ಟೇಪು ಹಾಕಲು ಮರೆತಿದ್ದೆ, ಅದು ಅಂಟಿ ಕೂತಿತ್ತು. ಇನ್ನೇನು ಮಾಡುವುದು ಅಂತ ಪೇಪರ್ ಹಾಸಿ ಅದರ ಮೇಲೆ ಮಲಗಿಸಿದೆ. ಬೆಳಿಗ್ಗೆ ಎತ್ತಿದರೆ ಪೇಪರೂ ಜೊತೆಗೆ ಬಂತು. ಉಗುರಲ್ಲಿ ಕೆರೆದೆ, ಒಂದು ತುಂಡು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಸೆಪ್ಟೆಂಬರ್ 3. ಒಳಗೆ ಕಡಂಬುಟ್ಟು, ಪಂದಿಕರಿ ಘಮಘಮ. ದೀಪದ ಮುಂದೆ ಕೋವಿಗಳ ಸಾಲು. ನಮ್ಮದಕ್ಕೆ ಉಳಿದವಕ್ಕಿಂತ ಜಾಸ್ತಿ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದ್ದೆ, ನಳಿಗೆ ಕಾಣದಷ್ಟು. ಆದರೆ ಮಾವನ ಕಣ್ಣು ತಪ್ಪಿಸುವುದು ಯಾರಿಂದ ಸಾಧ್ಯ? ಬಗ್ಗಿ ಹೂ ಸರಿಸಿ, ಕನ್ನಡಕ ಮೇಲೆತ್ತಿ, ನಿಧಾನಕ್ಕೆ ಓದಿದರು.

"ಕಾಳುಮೆಣಸು ಕೆ.ಜಿ.ಗೆ..."

ಆಮೇಲೆ ನನ್ನ ಕಡೆ ತಿರುಗಿದರು.

"ಮುಂದೆ ಹರಿದು ಹೋಗಿದ್ಯಲ್ಲೋ. ರೇಟ್ ಎಷ್ಟಿತ್ತು?"